ಸ್ಕ್ರೂ ಹಾಕಿಸಿಕೊಂಡ ದಿನ

ಅಕ್ಟೋಬರ್ ೧೪, ಮಂಗಳವಾರ

ಇವತ್ತು ನನ್ನ ಬಾಯಲ್ಲಿ ನಿಜವಾಗಿ ಏನಾದರೂ ಮಾಡಿದರು ಅಂತ ಇನ್ನೂ ನಂಬಿಕೆ ಬಂದಿಲ್ಲ.

ಮುಂದಿನ ಹಲ್ಲು ಹೋದಾಗಿನಿಂದ 'ಸ' ಅಂದರೆ ಸಿಳ್ಳೆ ಬರುತ್ತದೆ. ರೇಡಿಯೋದಲ್ಲಿ ಸುದ್ದಿ ಓದುವವಳಿಗೆ ಇದಕ್ಕಿಂತ ದೊಡ್ಡ ಗ್ರಹಚಾರ ಬೇಕೆ? ಎರಡು ತಿಂಗಳಿಂದ ನನ್ನನ್ನು ಮೈಕಿನ ಮುಂದೆ ಕೂರಿಸಿಲ್ಲ. ಸಂಜೆ ಹೊಸ ಹಲ್ಲು ಹಾಕಿಸಿಕೊಳ್ಳಲು ಹೋದೆ. ಒಸಡು ಕೊಯ್ಯಲಿಲ್ಲ, ಹೊಲಿಗೆ ಹಾಕಲಿಲ್ಲ. ಅರ್ಧ ಗಂಟೆಗೆ ಡಾಕ್ಟರು, "ಆಯ್ತು, ಏಳಿ ಮೇಡಂ" ಅಂದರು.

"ಏನಾಯ್ತು?"

"ಸಣ್ಣ ತೂತು ಮಾಡಿ ಮೂಳೆಗೆ ಸ್ಕ್ರೂ ಕೂರಿಸಿದೀನಿ. ಮೇಲಿರೋದು ಟೆಂಪರರಿ ಹಲ್ಲು. ಮೂರು ತಿಂಗಳು ಅದರಲ್ಲಿ ಕಚ್ಚಬೇಡಿ."

ಎಕ್ಸ್‌ರೇಯಲ್ಲಿ ಸ್ಕ್ರೂ ಇತ್ತು. ಆದರೆ ಆ ದವಡೆ ನನ್ನದೇ ಅಂತ ಏನು ಗ್ಯಾರಂಟಿ? ಕೇಳಿಯೇಬಿಟ್ಟೆ. ಅವರು ಎಕ್ಸ್‌ರೇಯಲ್ಲಿ ಸ್ಕ್ರೂ ಪಕ್ಕದ ಸೊಟ್ಟ ಹಲ್ಲಿನ ಮೇಲೆ ಬೆರಳಿಟ್ಟರು. ಆ ಸೊಟ್ಟು ನನ್ನದೇ. ನಾಚಿಕೆಯಾಯಿತು.

ಅಷ್ಟಕ್ಕೇ ಬಿಡಬಾರದಿತ್ತೇ? ಅಕ್ಕನಿಗೆ ಫೋನ್ ಮಾಡಿದೆ. "ನಂಗೆ ಸ್ಕ್ರೂ ಹಾಕಿದಾಗ ವಾರ ಪೂರ್ತಿ ಮುಖ ಊದಿತ್ತು ಕಣೇ. ನಿಂಗೆ ಬರೀ ಅಂಟಿಸಿ ಕಳಿಸಿದಾರೆ" ಅಂತ ಮತ್ತೆ ತಲೆಗೆ ಹುಳ ಬಿಟ್ಟಳು.

ಬಾಗಿಲು ಹಾಕಿಕೊಂಡು ಪೇಪರನ್ನು ಜೋರಾಗಿ ಓದಿದೆ. ಸಿಳ್ಳೆ ಇಲ್ಲ. ಆದರೂ ನಾಲಿಗೆ ತನಿಖೆಗೆ ಅಲ್ಲಿಗೇ ಹೋಗುತ್ತದೆ.

ಈಗ ಇಂಜೆಕ್ಷನ್ನಿನ ಜೋಮು ಬಿಡುತ್ತಿದೆ. ಒಸಡಿನೊಳಗೆ ಸಣ್ಣಗೆ ನೋವು. ಅಬ್ಬಾ, ಏನೋ ಮಾಡಿದ್ದಾರೆ! ಮಾತ್ರೆ ಆಮೇಲೆ ನುಂಗಿದರಾಯಿತು. ಇನ್ನೂ ಸ್ವಲ್ಪ ನೋಯಲಿ, ಅಕ್ಕನಿಗೆ ಹೇಳಲಾದರೂ ಒಂದು ಸಾಕ್ಷಿ ಬೇಕಲ್ಲ.