ಆಮೆ ವಿಧಾನ

ಆಮೆ,

ಹಾಗೆ ಕರೆದರೆ ನೀನು ಮೂತಿ ತಿರುಗಿಸ್ತಿದ್ದೆ. ಈ ಪತ್ರ ಕಳಿಸೋದಿಲ್ಲವಲ್ಲ, ಅದಕ್ಕೇ ಧೈರ್ಯವಾಗಿ ಕರೀತಿದ್ದೀನಿ.

ಇವತ್ತು ಲ್ಯಾಬಿನಲ್ಲಿ ನಮ್ಮ ಮಣಿಸರ ಸರಿಯಾಗಿ ಕೂತಿತು ಕಣೇ! ಒಂದೊಂದು ಪ್ರೋಟೀನ್ ಮಣಿಗೂ ಡಿಎನ್‌ಎ ದಾರ ಸುಮಾರು ಎರಡು ಸುತ್ತು, ಜೀವಕೋಶದೊಳಗೆ ಇರುವ ಹಾಗೇ. "ದ್ರಾವಣದ ಉಪ್ಪಿನಂಶ ಒಮ್ಮೆಗೇ ಇಳಿಸಬೇಡ, ದಾರ ಮಣಿ ಎರಡೂ ಗಾಬರಿಬಿದ್ದು ಸಿಕ್ಕಸಿಕ್ಕಲ್ಲಿ ಅಂಟಿಕೊಳ್ತವೆ" ಅಂತ ನೀನು ಬಾಯಿ ಬಡಕೊಳ್ತಿದ್ದೆ. ನಾನು ಕೇಳಲಿಲ್ಲ. ಪ್ರತಿ ಸಲವೂ ನಳಿಕೆಯಲ್ಲಿ ಒಡೆದ ಹಾಲಿನಂಥ ಗಂಟು. ತಪ್ಪು ನಿನ್ನ ಕೈಯದು ಅಂತ ಎಲ್ಲರ ಮುಂದೆ ಪಿಪೆಟ್ ಕಿತ್ತುಕೊಂಡಿದ್ದೆ. ಮರುವಾರ ನೀನು ಕೆಲಸ ಬಿಟ್ಟೆ.

ಈ ಸಲ ಹನಿಹನಿಯಾಗಿ ನೀರು ಬೆರೆಸಿ, ಒಂದೂವರೆ ದಿನ ಹಿಡಿದು ಉಪ್ಪು ಇಳಿಸಿದೆ. ನಾನು, ಒಂದೂವರೆ ದಿನ! ನೀನಿದ್ದಿದ್ದರೆ ನಂಬ್ತಿರಲಿಲ್ಲ. ಆಮೇಲೆ ಮಣಿ ಸರಿಸುವ ಕಿಣ್ವ ಹಾಕಿದೆ. ಮಣಿ ಪಕ್ಕಕ್ಕೆ ಜರುಗಿ, ಅದರಡಿ ಮುಚ್ಚಿಹೋಗಿದ್ದ ಭಾಗ ತೆರೆದುಕೊಂಡಿತು. ದಾರ ಎಲ್ಲೂ ಕಡಿದಿರಲಿಲ್ಲ. ನೋಟ್‌ಬುಕ್ ತೆಗೆದು ಎಲ್ಲವನ್ನೂ ಬರೆದಿಟ್ಟೆ.

ಲ್ಯಾಬಿನ ಮೇಡಂ ನನ್ನ ನೋಟ್‌ಬುಕ್ ನೋಡಿ, "ಆಮೆ ವಿಧಾನ ಅಂತ ಬರೆದಿದ್ದೀಯಲ್ಲ, ಏನದು?" ಅಂದರು.

"ಕಂಡುಹಿಡಿದವಳ ಹೆಸರು," ಅಂದೆ.

"ಹಾಗಾದರೆ ನಿಜವಾದ ಹೆಸರು ಬರಿ, ನಮ್ಮ ಸಂಶೋಧನಾ ಲೇಖನಕ್ಕೆ ಸೇರಿಸೋಣ. ಅವಳ ಒಪ್ಪಿಗೆ ಮಾತ್ರ ನೀನೇ ಕೇಳಬೇಕು."

ಈ ಪತ್ರ ಮಡಚಿಟ್ಟು ನಿನ್ನ ನಂಬರ್ ಒತ್ತುತ್ತೀನಿ. ಕೂಡಲೇ ಎತ್ತಬೇಕು ಅಂತೇನಿಲ್ಲ, ಎಷ್ಟು ಸಲ ಬೇಕಾದರೂ ರಿಂಗಾಗಲಿ. ಕಾಯೋದು ನನಗೀಗ ಬರುತ್ತೆ.