ಮುಟ್ಟಬಾರದ ನೀಲಿ

ಜನವರಿ ೯

ನನ್ನ ತಮ್ಮ ನೆಂಟರಿಗೆಲ್ಲ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಾನೆ — "ಹೋಸ್ಟಾ ಗಿಡ ಸತ್ತೋಯ್ತು, ಟೀಚರಮ್ಮ ಖಾಲಿ ಕುಂಡ ಕಾಯ್ತಾ ಕೂತಿದಾಳೆ." ಟೀಚರಮ್ಮ ಎಂದರೆ ನಾನು. ಅವನು ಹೇಳಿದ ಎರಡೂ ತಪ್ಪು. ಗಿಡ ಸತ್ತಿಲ್ಲ, ಚಳಿಗೆ ಎಲೆಗಳನ್ನು ಬಿಟ್ಟುಕೊಟ್ಟು ಬೇರಿನಲ್ಲಿ ಮಲಗಿದೆ. ಆದ್ದರಿಂದ ಕುಂಡ ಖಾಲಿಯೂ ಅಲ್ಲ.

ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ಬಟ್ಟೆ ಗಿರಣಿಯ ಬಣ್ಣದ ವಿಭಾಗದಲ್ಲಿ ಆಯುಷ್ಯವೆಲ್ಲ ನೀಲಿಯಿಂದ ನೀಲಿಯನ್ನು ಬೇರ್ಪಡಿಸಿದವಳು. ಕಣ್ಣು ಮಂದವಾಗುತ್ತಿದೆ. ಕೊನೆಗೆ ಉಳಿಯುವುದು ಬೆಳಕು, ಕತ್ತಲೆ ಮಾತ್ರ ಎಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ಈ ಗಿಡದ ಎಲೆಯ ನೀಲಿಯನ್ನೊಮ್ಮೆ ನೋಡಬೇಕಂತೆ. ಕಳೆದ ವರ್ಷ ಅವಳು ಇಲ್ಲಿಗೆ ಬಂದಾಗ ಎಲೆಗಳು ಹಳದಿಯಾಗಿದ್ದವು.

ಫೆಬ್ರವರಿ ೨೭

ಏನೂ ಇಲ್ಲ. ಬರೀ ಮಣ್ಣು.

ಅಕ್ಕ ಚಹಾದ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟಳು. ಒಡೆಯಿತು. "ಲೋಟಕ್ಕೂ ವಯಸ್ಸಾಗಿತ್ತು ಬಿಡೇ" ಎಂದಳು.

ಮಾರ್ಚ್ ೨೧, ಬೆಳಿಗ್ಗೆ

ಮೊಳಕೆ. ಮರದ ನೆರಳಿನಲ್ಲಿ, ಜರೀಗಿಡಗಳ ನಡುವಿನ ಕುಂಡದಲ್ಲಿ, ಪೆನ್ಸಿಲ್ ಮೊನೆಯಂಥ ನೇರಳೆ ತುದಿಗಳು. ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ನಿಂತಿವೆ. ಮಂಡಿಯೂರಿ ಕುಳಿತ ನನ್ನನ್ನು ಎಬ್ಬಿಸಲು ತಮ್ಮನೇ ಬರಬೇಕಾಯಿತು.

"ಸತ್ತಿತ್ತಲ್ಲ?" ಎಂದೆ.

"ಇದು ಬೇರೆ ಗಿಡ ಇರ್ಬೇಕು."

ಏಪ್ರಿಲ್ ೧೮

ಎಲೆಗಳು ಬಿಚ್ಚಿಕೊಂಡಿವೆ. ಅಂಗೈಗಿಂತ ಚಿಕ್ಕವು, ಬೂದಿ ಕಲೆಸಿದಂಥ ನೀಲಿ. ಬಣ್ಣ ಎಲೆಯೊಳಗಿಲ್ಲ, ಮೇಲೆ ಮೇಣದ ತೆಳುಪುಡಿಯಂತೆ ಕುಳಿತಿದೆ. ಬೆರಳು ತಗುಲಿದರೆ ಅಳಿಸಿ ಹಸಿರಾಗುತ್ತದೆ. ಆ ಎಲೆಗೆ ನೀಲಿ ಮರಳುವುದಿಲ್ಲ. ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ್ದೇನೆ. ಉಸಿರು ಬಿಡುವುದಕ್ಕೂ ನನಗೇ ಅಂಜಿಕೆ.

ಅಕ್ಕನನ್ನು ಕರೆದೊಯ್ದೆ. ಬಗ್ಗಿ ಬಹಳ ಹೊತ್ತು ನಿಂತಳು.

"ಎಲ್ಲಿದೆಯೇ?"

ಏಪ್ರಿಲ್ ೨೧, ಸಂಜೆ

ಬರೆಯಲಾಗಿರಲಿಲ್ಲ...

ಇಂದು ಅವಳ ಹೆಬ್ಬೆರಳನ್ನು ನಾನೇ ಹಿಡಿದು ಎಲ್ಲಕ್ಕಿಂತ ಚೆಲುವಾದ ಎಲೆಯ ಮೇಲಿಟ್ಟೆ.

"ಟೀಚರ್ ಬೈತಾರೆ" ಎಂದಳು.

"ಟೀಚರ್ ರಜೆ ಹಾಕಿದಾರೆ. ಮುಟ್ಟೇ."

ಮೆಲ್ಲಗೆ ಎಳೆದಳು. ಬೆರಳು ಹೋದ ದಾರಿಯಲ್ಲಿ ಹಸಿರು ತೆರೆದುಕೊಂಡಿತು. ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿ, ಕತ್ತು ವಾಲಿಸಿ ನಿಂತಳು — ಗಿರಣಿಯಲ್ಲಿ ಬಟ್ಟೆಯ ಮುಂದೆ ಹೀಗೆಯೇ ನಿಲ್ಲುತ್ತಿದ್ದಳು.

"ಬೆಳಗಿನ ಪಾಳಿಗೆ ಹೋಗೋವಾಗ ಹೊಗೆಗೊಳವೆ ಹಿಂದೆ ಆಕಾಶ ಇರ್ತಿತ್ತು ನೋಡು, ಇನ್ನೂ ಬೆಳಕು ಬಿಡೋ ಮುಂಚೆ. ಅದೇ ನೀಲಿ ಇದು. ನಮ್ಮ ಕೈಲಿ ಒಂದಿನಾನೂ ಮಾಡೋಕಾಗ್ಲಿಲ್ಲ."

ಎಲೆಯನ್ನು ನೋಡಿದೆ. ಹೌದು, ಅದೇ. ಮೂರು ದಿನದಿಂದ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ ನನಗೆ ಕಂಡಿರಲಿಲ್ಲ.

ಆಗ ಅಲ್ಲಿದ್ದವರು — ಅಕ್ಕ, ತಮ್ಮ, ಬಟ್ಟೆ ಒಣಹಾಕಲು ಬಂದು ಅಲ್ಲೇ ಉಳಿದ ಮೇಲಿನ ಮನೆಯ ನರ್ಸಮ್ಮ, ನಾನು. ಮತ್ತು... ಅಕ್ಕ ಕರೆಯುತ್ತಿದ್ದಾಳೆ. ಇನ್ನೊಂದು ಎಲೆ ಬೇಕಂತೆ. ಬೆಳಕಿರುವಾಗಲೇ—