ಮೀಸೆ, ಮೂಗುತಿ

ಅಕ್ಕಾ,

ನಿನ್ನೆ ಫೋನಿನಲ್ಲಿ ಬಾಯಿತನಕ ಬಂದದ್ದನ್ನು ನುಂಗಿಕೊಂಡೆ. ಮಗಳು ಇಲ್ಲಿ ವಿಮಾನ ನಿಲ್ದಾಣದಲ್ಲಿ ಇಳಿದು ನನ್ನ ಮೀಸೆ ಹುಡುಕದಿರಲಿ. ಮಣ್ಣಾಗಲಿಲ್ಲ, ಬಚ್ಚಲಿಗೆ ಹೋಯಿತು. ಬೋಳಿಸಿದ ಮೇಲೆಯೇ ಧಣಿ ನನ್ನನ್ನು ಗೋದಾಮಿನಿಂದ ಅಂಗಡಿಯ ಕೌಂಟರಿಗೆ ಕರೆದದ್ದು. ಮುಖ ತಿರುಗಿಸುತ್ತಿದ್ದ ಗಿರಾಕಿಗಳೇ ಈಗ ಗುಡ್ ಮಾರ್ನಿಂಗ್ ಅನ್ನುತ್ತಾರೆ.

ಮೊನ್ನೆ ಧಣಿ ನನ್ನ ಮಗಳ ಫೋಟೋ ನೋಡಿ, "ಕೆಲಸ ಕೊಡ್ತೀನಿ, ಮೂಗಲ್ಲಿರೋದು ಮಾತ್ರ ಬೇಡಪ್ಪ" ಅಂದ, ಅವರ ಇಂಗ್ಲಿಷಿನಲ್ಲಿ. ಅವಳಮ್ಮ ಸಾಯುವ ಮುಂಚೆ ಕೈಯಾರೆ ತೊಡಿಸಿದ್ದು ಅನ್ನಲು ಹೊರಟೆ. 'ಹರ್ ಮದರ್' ಅನ್ನುವಷ್ಟರಲ್ಲಿ ಕಾಲೇಜಿನ ಇಂಗ್ಲಿಷು ಕೈಕೊಟ್ಟಿತು, ಆಗಲಿ ಎಂದು ತಲೆಯಾಡಿಸಿದೆ. ಕೆಲಸವಿಲ್ಲದಿದ್ದರೆ ಈ ದೇಶದ ಸರಕಾರ ಅವಳನ್ನು ಇಲ್ಲಿ ಇರಗೊಡುವುದಿಲ್ಲ.

ಅವಳು ಹೊರಡುವ ಮುಂಚೆ ಮೂಗುತಿಯನ್ನು ನೀನೇ ಬಿಚ್ಚಿಸಿ ಇಟ್ಟುಕೋ. ನಾನು ಹೇಳಿದೆ ಅನ್ನಬೇಡ.

ಬೆಳಕು ಹೋಗುತ್ತಿದೆ. ದೀಪ ಹಾಕಿದರೆ ಕಿಟಕಿಯ ಗಾಜಿನಲ್ಲಿ ಆ ಬೋಳುಮುಖದವನು ಬಂದು ನಿಲ್ಲುತ್ತಾನೆ. ಇಷ್ಟು ಸಾಕು.

ನಿನ್ನ ತಮ್ಮ